ನಾಳೆ ಅರಳೂ ಮೊಗ್ಗು

ರಾಣೆಬೆನ್ನೂರ ಬಾಜೂಕ ಬೀಜದ ಹತ್ತಿಹೊಲ.
ಸಂಜೀಕ ನಾಕರಿಂದ ಕತ್ತಲಾಗೂತನಕ
ಹೆಣ್ಣು ಸಾಲಿನ ಮೊಗ್ಗು ಬಿಚ್ಚಿ ಕೇಸರ ಕೀಳೂದು,
ಕೆಂಪು ಹಾಳಿ ಟೊಪಗಿ ಹಾಕೂದು.
ಮುಂಜಾನೆ ಗಂಡುಹೂ ತಂದು ಒರಸೂದು, ದಾರ ಕಟ್ಟೂದು.
ಹದಿನಾರು ವರ್ಷ ಇದ ಕೆಲಸ.
ಯಾವ ಅವ್ವಗ ಯಾವ ಅಪ್ಪ, ನನ್ನ ಕೈಯಾಗ ಇರತೈತಿ.
ಒಂದ ಕೇಸರ ಉಳದ್ರೂ ಸೂಪರ್‌ವೈಸರ್ ಬಸನಗೌಡ
ಪಾಕೀಟ ರಿಜೆಕ್ಟ್ ಅಂತಾನ.

ಅಕ್ಕ ಕಲ್ಲವ್ವನ್ನ ಹುಬ್ಬಳ್ಳಿಗೆ ಕರಕೊಂಡು ಹೋದಾಗ
ಡಾಕ್ಟರ್ ಹುಡಿಗಿ ಗಡ್ಡಿ ಬಿಟ್ಟು ಮೊದಲ ವಂಶಾವಳಿ ಕೇಳಿದ್ಲು:
ಎಷ್ಟನೇ ವರ್ಷಕ್ಕ ದೊಡ್ಡಾಕಿ ಆದ್ರಿ? ಹನ್ನೊಂದು.
ನಿಮ್ಮವ್ವ? ಗೊತ್ತಿಲ್ರಿ, ಜ್ವಾಳ ಕೊಯ್ಯೂ ಮುಂದ ಅಂತಿದ್ಲು.
ಅಜ್ಜಿ? ಎದ್ಯಾಗ ಗಂಟಾಗಿ ಸತ್ಲು.
ಮಂದಿ ಮದ್ದು ಹಾಕ್ಯಾರ ಅಂದ್ರು,
ಬಾಜೂ ಮನಿಯಾಕಿ ಕೂಡ ಇಪ್ಪತ್ತು ವರ್ಷ ಮಾತಿಲ್ಲ.
ಆಕೀನೂ ಹೋದ್ಲು ಪಾಪ, ಮಾತಾಡದನ.

ಕಾಗದದ ಮ್ಯಾಲೆ ಗೀಟು ಎಳದು ಹೇಳಿದ್ಲು:
ಹಾರ್ಮೋನು ಮಾಡೂ ವಿದ್ಯಾ ಮೈಯಾಗ ಬರದಿರತೈತಿ,
ಕೆಲವರೊಳಗ ಒಂದ ಅಕ್ಷರ ಬ್ಯಾರೆ.
ಗಿರಣಿ ಒಂದೀಟು ಜೋರು ತಿರಗತೈತಿ,
ಹಿಟ್ಟು ಹೆಚ್ಚು ಬೀಳತೈತಿ, ವರ್ಷಾನುಗಟ್ಲೆ.
ಅದರಿಂದನ ಈ ರೋಗ ಅಂತ ಹೇಳಾಕ ಬರೂದಿಲ್ಲ,
ತಕ್ಕಡಿ ಒಂದು ಗುಲಗಂಜಿ ಈ ಕಡೆ ಜಗ್ಗಬಹುದು.

ಒಂದ ಅಕ್ಷರಕ್ಕ ಏನಾಗತೈತಿ ನನಗ ಕೇಳ್ರಿ.
ರೇಶನ್ ಕಾರ್ಡಿನಾಗ ಚನ್ನವ್ವ ಹೋಗಿ ಚಿನ್ನವ್ವ ಆಗಿ
ಮೂರು ತಿಂಗಳು ಅಕ್ಕಿ ಕೊಡಲಿಲ್ಲ.

ತಿದ್ದಾಕ ಬರತೈತೇನ್ರಿ ಅಂದೆ.
ನಕ್ಕಳು. ಕಾರ್ಡು ತಿದ್ದಬಹುದು ನೋಡ್ರಿ.

ಅಕ್ಕ ಸುಮ್ಮನ ಕುಂತಿದ್ಲು.
ಬಸ್ಸಿನಾಗ, ಶಿಗ್ಗಾಂವಿ ದಾಟಿದ ಮ್ಯಾಲೆ ಬಾಯಿ ಬಿಟ್ಲು:
ಅಜ್ಜಿ ಮೂಗು ನನಗ ಬಂತು, ನಿನಗ ಬರಲಿಲ್ಲ,
ಎಷ್ಟು ಹೊಟ್ಟಿಕಿಚ್ಚಿತ್ತ ನಿನಗ.

ನಮಗ ಯಾರೂ ಟೊಪಗಿ ಹಾಕಲಿಲ್ಲ,
ದಾರ ಕಟ್ಟಲಿಲ್ಲ, ಸಾಲಿನ ನಂಬರ ಬರೀಲಿಲ್ಲ.
ಗಾಳಿ ಬೀಸಿದಂಗ ಬಂದಿವಿ.

ಸಾವಿರ ಮೊಗ್ಗಿನ್ಯಾಗ ನಾಳೆ ಅರಳೂದು ಯಾವುದು,
ನೋಡೂದ ಬ್ಯಾಡ, ಬೆರಳು ಹೇಳತೈತಿ.
ಈಗ ತಿಂಗಳಿಗೊಮ್ಮೆ, ಬಚ್ಚಲದಾಗ ಕದಾ ಹಾಕ್ಕೊಂಡು,
ಅದ ಮೂರು ಬೆರಳು
ಎಡಗಡೆ, ಕಂಕುಳದ ತನಕ, ಮೆಲ್ಲಕ.
ಹೊರಗ ಅಕ್ಕನ ಮಗಳು ಬಾಗಲಾ ಬಡೀತಾಳ:
ಚಿಗವ್ವ, ಎಷ್ಟೊತ್ತಬೇ?
ಈ ಯುಗಾದಿಗೆ ಹನ್ನೊಂದು ತುಂಬಿದ್ವು ಆಕಿಗೆ.
ತಡಿಯವ್ವ, ಅಂತೀನಿ,
ಬಲಗಡೆ ಇನ್ನೂ ಉಳದೈತಿ.