ಎಂಬತ್ತೇಳನೇ ಪುಟ

ಗಾಂಧಿ ಬಜಾರಿನ ರದ್ದಿ ಅಂಗಡಿಯಲ್ಲಿ
ಹಳೇ ಪಂಚಾಂಗಗಳ ಕಟ್ಟಿನಡಿಯಿಂದ ಎಳೆದೆ:
ಅರವತ್ನಾಲ್ಕರ ಹೆರಾಲ್ಡ್ ಕಾರಿನ ರಿಪೇರಿ ಪುಸ್ತಕ.
ಮುನ್ನೂರ ಹತ್ತು ಗ್ರಾಂ. ತೂಗಿದವನು ನಕ್ಕ:
"ಓದೋಕಾದ್ರೆ ರೇಟು ಬೇರೆ, ಮೇಡಂ."

ಎಂಬತ್ತಾರು ಮಗುಚಿದರೆ ಎಂಬತ್ತೊಂಬತ್ತು.
ಕಾರ್ಬುರೇಟರ್ ಬಿಚ್ಚುವುದು ಹೇಗೆಂದಿದೆ,
ಕೂರಿಸುವುದು ಹೇಗೆನ್ನುವ ಹಾಳೆ
ಬುಡಕ್ಕೇ ಬ್ಲೇಡು ಹಾಕಿದಂತೆ ಮಾಯ.

ಭದ್ರಾವತಿಯಿಂದ ಬಸ್ಸು ಹಿಡಿದು ಬಂದ
ಲೇತಿನ ಅಂತೋಣಿಸ್ವಾಮಿ
ಎರಡು ಕೆಮ್ಮು ಕೆಮ್ಮಿ ನಿಲ್ಲುವ ಇಂಜಿನ್ನಿಗೆ
ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿ ಕಿವಿಗಾನಿಸಿ,
"ಪುಸ್ತಕ ಯಾಕಮ್ಮಾ, ಇದೇ ಹೇಳುತ್ತಲ್ಲ" ಅಂದರು.
ನನಗೆ ಹೇಳಲಿಲ್ಲ.
ಇಪ್ಪತ್ತೆರಡು ವರ್ಷ ಲೆಕ್ಕ ಕಲಿಸಿದವಳು;
ಹಂತ ನುಂಗಿದ ಉತ್ತರಕ್ಕೆ
ಅರ್ಧ ಅಂಕವನ್ನೂ ಕೊಟ್ಟವಳಲ್ಲ.

ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಬಂದು ನಾನೇ ಬಿಚ್ಚಿದೆ.
ಸೀಮೆಎಣ್ಣೆ ಕುಡಿದ ನಟ್ಟುಗಳು ಹಟ ಬಿಟ್ಟವು.
ನಡುವೆ ಅಂಟಿ ಕೂತಿತ್ತು ಪ್ಯಾಕಿಂಗು.
ಯಾರೋ, ಯಾವುದೋ ಅವಸರದಲ್ಲಿ,
ಬಹುಶಃ ಆಗುಂಬೆ ಘಾಟಿ ಇಳಿಯುವ ಮೊದಲು,
ಬೇರೇನೂ ಕೈಗೆ ಸಿಗದೆ
ಹಾಳೆ ಮಡಚಿ ಕತ್ತರಿಸಿ ಕೂರಿಸಿದ್ದು.
ಉಗುರಲ್ಲಿ ಎಬ್ಬಿಸಿ ಬಿಸಿಲಿಗೆ ಹಿಡಿದೆ.
ಮೂಲೆಯಲ್ಲಿ, ಮಸಿ ಹಿಡಿದು,
ಎಂಟು. ಏಳು.

ತಿಳಿಯಬೇಕಿದ್ದ ಸಾಲುಗಳೆಲ್ಲ ತೂತಿನ ಪಾಲು.
ಅಂಚಿನಲ್ಲಿ ಇಂಗ್ಲಿಷಿನ ಒಂದೇ ವಾಕ್ಯ ಉಳಿದಿತ್ತು:
ಹಳೆಯ ಪ್ಯಾಕಿಂಗನ್ನು ಮತ್ತೆ ಬಳಸಕೂಡದು.

ಕಳೆದ ಸಾಲಿನ ಹಾಜರಿ ಪುಸ್ತಕದ ರಟ್ಟಿನ ಮೇಲೆ
ಅದನ್ನೇ ಇಟ್ಟು, ಸುತ್ತ ಪೆನ್ಸಿಲ್ ಎಳೆದು,
ಕೈವಾರದಲ್ಲಿ ತೂತು ಅಳೆದುಕೊಂಡೆ.
ಆಮೇಲೆ ಎಂಬತ್ತಾರರ ಪಕ್ಕ
ಒಣಗಲು ಇಟ್ಟೆ ಅದನ್ನು.
ಪುಸ್ತಕ ಮುಚ್ಚುತ್ತಿಲ್ಲ ಈಗ, ಸ್ವಲ್ಪ ಉಬ್ಬಿದೆ.
ಅಡುಗೆಮನೆವರೆಗೂ ಪೆಟ್ರೋಲು ವಾಸನೆ.