ಮುಳ್ಳು ಜೋಪಾನ

ಬಾಟಲಿಗೆ ನೀರು ತುಂಬಿ, ಬೆಳಕಿಗೆ ಹಿಡಿದು
ಕೇಳುತ್ತೀಯ, ಒಬೊನ್ಯೊ,
ಸರೋವರದ ಆರೋಗ್ಯ ಹೇಗಿದೆ ಅಂತ.
ನಿನ್ನ ನಕ್ಷೆಗೆ ಇದು ವಿಕ್ಟೋರಿಯಾ, ನಮಗೆ ಲೋಲ್ವೆ.
ಮೊದಲು ನನ್ನ ಒಲೆ ನೋಡು.

ಅಮ್ಮನ ಕಾಲದ ಮೀನು ಅಂಗೈಯಷ್ಟು.
ಬಂಡೆಯ ಮೇಲೆ ಹರವಿದರೆ ಸಾಕು,
ಮಿಕ್ಕಿದ್ದು ಬಿಸಿಲಿನ ಕೆಲಸ.
ಸೂರ್ಯ ಯಾವತ್ತೂ ಕೂಲಿ ಕೇಳಲಿಲ್ಲ.

ಆಮೇಲೆ ಈ ಎಂಬೂಟ.
ಎತ್ತಿದರೆ ಮಗುವಿನ ಭಾರ, ಮೈತುಂಬ ಕೊಬ್ಬು.
ಸಣ್ಣ ಮೀನುಗಳನ್ನು ತಿಂದಿತು,
ಅವುಗಳ ಹೆಸರನ್ನೂ.
ಬಿಸಿಲಿಗೆ ಒಣಗುವ ಜಾತಿಯಲ್ಲ ಅದು; ಹೊಗೆ ಬೇಕು.
ಹೊಗೆಗೆ ಸೌದೆ. ಸೌದೆಗೆ
ಅಗೋ, ಆ ಗುಡ್ಡ.

ಬೋಳಾದ ಗುಡ್ಡ ಮೊದಲ ಮಳೆಗೇ ಇಳಿದು ಬಂತು
ಕೆಂಪಗೆ, ಕರೆಯದ ನೆಂಟನ ಹಾಗೆ,
ಬಂದು ಜೊಂಡಿನ ಬುಡದಲ್ಲಿ ಕೂತುಬಿಟ್ಟಿತು.
ಮೀನು ಮೊಟ್ಟೆಯಿಡುತ್ತಿದ್ದದ್ದು ಅಲ್ಲೇ.

ಮಾಂಸ ಮಂಜುಗಡ್ಡೆಯ ಮೇಲೆ ಮಲಗಿ ವಿಮಾನ ಹತ್ತುತ್ತದೆ.
ನಮಗೆ ತಲೆ, ಬಾಲ,
ನಡುವೆ ಬಾಚಣಿಗೆಯಂಥ ಬೆನ್ನೆಲುಬು.
ಅದಕ್ಕೂ ಕಾರ್ಖಾನೆ ಗೇಟಿನಲ್ಲಿ ಚೌಕಾಸಿ.

ಕೊಡಲಿ ಯಾರದು?
ಬರೆದುಕೋ: ಅಪೋಂಡಿಯದು.
ನಾಲ್ಕು ಮಕ್ಕಳ ಶಾಲೆ ಫೀಸು
ಅದರ ಹಿಡಿಯಲ್ಲಿತ್ತು.
ಮರ ಬೀಳುವಾಗ ನಾನು ಬೇರೆ ಕಡೆ ನೋಡಲಿಲ್ಲ,
ಕಣ್ಣಿಗೆ ಹೊಗೆ ತುಂಬಿದ್ದು ಆಮೇಲೆ.

ಬಾಟಲಿ ಅಲ್ಲಾಡಿಸಬೇಡ, ತಡಿ.
ತಳದಲ್ಲಿ ಒಂದು ಬೆರಳು ಕೆಂಪು ಕೂತಿದೆಯಲ್ಲ,
ಅದರ ಮೇಲೆ ನಾನು ಮೇಕೆ ಮೇಯಿಸಿದ್ದೆ.

ಊಟ ಮಾಡಿಕೊಂಡೇ ಹೋಗು.
ಬೆನ್ನೆಲುಬು ಹುರಿದಿದ್ದೇನೆ,
ಗರಿಗರಿಯಾಗಿದೆ.
ಮುಳ್ಳು ಜೋಪಾನ.