ಸೊಟ್ಟ ಮೊಳೆ

ಟಣ್. ಟಣ್. ಆಮೇಲೆ ಸ್ವಲ್ಪ ಹೊತ್ತು ಏನಿಲ್ಲ.
ಮತ್ತೆ ಟಣ್.
ಚಿಕ್ಕಮಗಳೂರಿನ ಉಪ್ಪಳ್ಳಿಯಲ್ಲಿ
ನಮ್ಮ ಬೀದಿಗೆ ಬೆಳಗಾಗುವುದು ಹೀಗೆ,
ಕಸದ ಗಾಡಿಯ ಹಾಡಿಗಿಂತ ಮುಂಚೆ.
ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ
ದೇಜಪ್ಪ ಎಂಬ ನನ್ನ ಗಂಡ
ಸೊಟ್ಟ ಮೊಳೆಗಳನ್ನು ನೆಟ್ಟಗೆ ಮಾಡುತ್ತಿರುತ್ತಾರೆ.

ಎಲ್ಲೆಲ್ಲಿಂದಲೋ ಬರುತ್ತವೆ:
ಸೆಂಟ್ರಿಂಗ್ ಹಲಗೆ ಕಿತ್ತ ಕಡೆಯಿಂದ,
ಸಂತೆ ಮೈದಾನದಲ್ಲಿ ಒಡೆದ ಟೊಮೆಟೊ ಪೆಟ್ಟಿಗೆಯಿಂದ,
ಮದುವೆ ಮುಗಿದು ಚಪ್ಪರ ಬಿಚ್ಚಿದ ಅಂಗಳದಿಂದ.
ಬೋರ್ನ್‌ವಿಟಾ ಡಬ್ಬಿಯಲ್ಲಿ ಒಂದೂವರೆ ಇಂಚಿನವು,
ಅಮೃತಾಂಜನದ ಸೀಸೆಯಲ್ಲಿ ಚಪ್ಪಲಿ ಮೊಳೆ,
ತಲೆ ಹಾರಿದವಕ್ಕೆ ನನ್ನ ಹಳೆಯ ಇಡ್ಲಿ ತಟ್ಟೆ.
ಅದನ್ನೂ ಎಸೆಯಲು ಬಿಡಲಿಲ್ಲ,
ನಾಲ್ಕು ಕುಳಿಯಿದೆಯಲ್ಲ, ನಾಲ್ಕು ಅಳತೆ ಎಂದರು.

ಎದುರುಮನೆಯ ಸುಗುಣೇಶ ಕಿಟಕಿಯಿಂದಲೇ ಕೇಳಿದ,
"ಅಂಕಲ್, ಹೊಸದು ಕಿಲೋಗೆ ನೂರೇ ರೂಪಾಯಿ.
ನಿಮ್ಮ ಬೆರಳಿಗೆಷ್ಟು?"
ಇವರು ಬಾಯಲ್ಲಿ ಕಚ್ಚಿದ್ದ ಮೊಳೆ ತೆಗೆಯದೆ ನಕ್ಕರು.

ನಾನೇನು ಕಡಿಮೆಯಾ.
ಆಯುಧಪೂಜೆಗೆ ಮನೆ ಗುಡಿಸುವ ದಿನ
ಅಷ್ಟನ್ನೂ ಗುಜರಿಯ ಇಮ್ತಿಯಾಜನ ತಕ್ಕಡಿಗೆ ಸುರಿದೆ.
ಆರೂಕಾಲು ಕಿಲೋ, ನೂರ ಅರವತ್ತು ರೂಪಾಯಿ.
ಮಂಡಕ್ಕಿ, ಸೇವಂತಿಗೆ, ಒಂದು ಬೂದುಗುಂಬಳಕ್ಕೆ ಸರಿಹೋಯಿತು.
ಸಂಜೆ ಇವರು ಖಾಲಿ ಗೂಡನ್ನು ನೋಡಿದರು.
ಕೂಗಾಡಿದ್ದರೆ ನನ್ನ ಹತ್ತಿರ ಉತ್ತರ ತಯಾರಿತ್ತು.
ಸುಮ್ಮನೆ ಸೈಕಲ್ ಹತ್ತಿ ಹೋದರು.
ಕತ್ತಲಾದ ಮೇಲೆ ಬಂದರು, ಕ್ಯಾರಿಯರಿನಲ್ಲಿ ಮೂಟೆ.
ಇನ್ನೂರು ಕೊಟ್ಟರಂತೆ.
ನಮ್ಮದೇ ಮೊಳೆಗೆ.

ಆ ರಾತ್ರಿ ಗಂಜಿಯ ಮುಂದೆ ಕೂತು ಮಾತಾಡಿದರು.
ಕುದುರೆಮುಖದಲ್ಲಿ ನಾನು ಮಾಡಿದ್ದು ಅರೆಯುವ ಕೆಲಸ, ಎಂದರು.
ನೀನು ಚಟ್ನಿ ಅರೆದ ಹಾಗೆ, ಬೆಟ್ಟವನ್ನು.
ಮೂರು ಲಾರಿ ಕಲ್ಲು ಅರೆದರೆ ಒಂದು ಲಾರಿ ಕಪ್ಪು ಹಿಟ್ಟು.
ನೀರಲ್ಲಿ ಕಲಸಿ ಕೊಳವೆಗೆ ಬಿಟ್ಟರೆ
ಘಟ್ಟ ಇಳಿದು ಮಂಗಳೂರಿಗೆ, ಅಲ್ಲಿಂದ ಹಡಗಿಗೆ.
ಮಿಕ್ಕಿದ್ದು ಕೆಸರು. ಲಕ್ಯಾ ಅಣೆಕಟ್ಟೆಗೆ.
"ಕ್ವಾರ್ಟರ್ಸಿನ ಅಡುಗೆಮನೆ ಕಿಟಕಿ ನೆನಪಿದೆಯಾ?
ನೀನು ಬಂದ ವರ್ಷ ಅಲ್ಲಿ ಗುಡ್ಡ ಅಡ್ಡ ಇತ್ತು.
ಬಿಟ್ಟು ಬರುವಾಗ ಆಕಾಶ."
ಇಷ್ಟು ಹೇಳಿ ಉಪ್ಪಿನಕಾಯಿ ಕೇಳಿದರು.

ನೆನಪಿದೆ.
ಅಕ್ಕಿ ಆರಿಸಲು ಈಗ ಒಳ್ಳೆ ಬೆಳಕು ಎಂದು
ನಾನು ಖುಷಿಪಟ್ಟಿದ್ದೆ.

ಬೆಟ್ಟವೇನೂ ತಿರುಗಿ ಬರುವುದಿಲ್ಲ, ಅದು ಇವರಿಗೂ ಗೊತ್ತು.
ಒಂದು ಮೊಳೆ ನೆಟ್ಟಗಾದರೆ
ಎಲ್ಲೋ ಒಂದು ಮೊಳೆಯಷ್ಟು ಕಲ್ಲು
ತನ್ನ ಪಾಡಿಗೆ ಕೂತಿರುತ್ತದೆ, ಅಷ್ಟೇ ಅಲ್ಲವಾ ಎಂದೆ.
ಮೂರು ಮೊಳೆಯಷ್ಟು, ಎಂದು ತಿದ್ದಿದರು.

ಇಮ್ತಿಯಾಜ ಈಗ ಮೊಳೆ ಸಿಕ್ಕರೆ
ಬೇರೆ ಪೊಟ್ಟಣ ಕಟ್ಟಿಡುತ್ತಾನೆ, ದುಡ್ಡು ಕೇಳುವುದಿಲ್ಲ.
ಅವನ ತಳ್ಳುಗಾಡಿಯ ಹಲಗೆ ನಿಂತಿರುವುದು,
ಅಂಗನವಾಡಿಯ ಬೆಂಚು ನಿಂತಿರುವುದು ಇವರ ಮೊಳೆಯಲ್ಲೇ.
ನಾನು ಹಾಲಿನ ಪ್ಯಾಕೆಟ್ ತೊಳೆದು
ತಂತಿಗೆ ಸಿಕ್ಕಿಸುತ್ತೇನೆ, ರವಿಕೆಗಳ ಪಕ್ಕ.
ಯಾಕೆಂದು ಇವರು ಕೇಳಿಲ್ಲ, ನಾನೂ ಹೇಳಿಲ್ಲ.

ನೆಟ್ಟಗಾದ ಮೊಳೆ ಪೂರ್ತಿ ನೆಟ್ಟಗಲ್ಲ.
ಒಮ್ಮೆ ಬಾಗಿದ ಕಡೆಗೇ ಮತ್ತೆ ಬಾಗಲು ನೋಡುತ್ತದೆ.
ಗೂನು ಮೇಲೆ ಬರುವ ಹಾಗೆ ಹಿಡಿಯಬೇಕು,
ತಿರುಗಿಸುತ್ತ ಮೆಲ್ಲಗೆ ಬಡಿಯಬೇಕು,
ಸಿಟ್ಟಿನಲ್ಲಿ ಬಡಿದರೆ ಇನ್ನೊಂದು ಕಡೆ ಸೊಟ್ಟ.
ಇದೆಲ್ಲ ದೂರದಿಂದ ನೋಡಿ ಕಲಿತದ್ದು.

ನಿನ್ನೆ ಇವರು ಬ್ಯಾಂಕಿಗೆ ಹೋದಾಗ
ಒಂದನ್ನು ತೆಗೆದುಕೊಂಡು ಕಲ್ಲಿನ ಹತ್ತಿರ ಕೂತೆ.
ಟಣ್. ಟಣ್.
ಆಮೇಲಿನದು ಮೊಳೆಯ ಸದ್ದಲ್ಲ.
ಎದುರುಮನೆಯ ಕಿಟಕಿ ತೆರೆಯಿತು.
"ಆಂಟೀ, ನೀವೂನಾ?"
ಬಾಯಲ್ಲಿ ಹೆಬ್ಬೆರಳಿತ್ತು,
ಉತ್ತರ ಕೊಡಲಾಗಲಿಲ್ಲ.